ಗದ್ದೆ ಕೆಲಸಕ್ಕೆ ಮೊಣಕಾಲುದ್ದದ ಗಮ್‌ಬೂಟು: ಒಂದು ಮಳೆಗಾಲದ ಅನುಭವ

ಕುಮಟಾ ಪೇಟೆಯ ಅಂಗಡಿಯೊಂದರಲ್ಲಿ ಕಳೆದ ಜೂನ್‌ನಲ್ಲಿ ಅಪ್ಪನಿಗಾಗಿ ಈ ಪಿವಿಸಿ ಗಮ್‌ಬೂಟನ್ನು 550 ರೂಪಾಯಿಗೆ ಕೊಂಡೆವು. ಅಪ್ಪ ಅಲ್ಲಿಯವರೆಗೆ ಬರಿಗಾಲಿನಲ್ಲೇ ಗದ್ದೆಗೆ ಇಳಿದವರು. ಹಿಂದಿನ ಮಳೆಗಾಲದಲ್ಲಿ ಅವರಿಗೆ ಮೆಲಿಯಾಯ್ಡೋಸಿಸ್ ಬಾರದಿದ್ದರೆ ನಾವೂ ಬೂಟಿನ ಯೋಚನೆ ಮಾಡುತ್ತಿರಲಿಲ್ಲ.

ಈ ಕಾಯಿಲೆಯನ್ನು ತರುವ ಬುರ್ಖೋಲ್ಡೇರಿಯಾ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯ ಒದ್ದೆ ಮಣ್ಣಿನಲ್ಲಿ ಮತ್ತು ನಿಂತ ನೀರಿನಲ್ಲಿ ಬದುಕುತ್ತದೆ; ಚರ್ಮದ ಗಾಯದಿಂದ ಒಳಹೊಗುವ ಅದು ಸಕ್ಕರೆ ಕಾಯಿಲೆ ಇರುವವರನ್ನು ಹೆಚ್ಚಾಗಿ ಕಾಡುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಇತ್ತು, ಹಿಮ್ಮಡಿಯೂ ಒಡೆದಿತ್ತು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಜ್ವರ, ಕೆಮ್ಮು ನೋಡಿ ಕ್ಷಯವೆಂದು ಔಷಧ ಕೊಟ್ಟರು. ಮೂರು ವಾರ ವ್ಯರ್ಥವಾಯಿತು. ಬೇರೆಡೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿದಾಗ ನಿಜ ತಿಳಿಯಿತು. ಎರಡು ವಾರ ಸೆಫ್ಟಾಜಿಡೈಮ್ ಇಂಜೆಕ್ಷನ್, ಬಳಿಕ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು 1911ರಲ್ಲೇ ಬರ್ಮಾದ ರಂಗೂನಿನಲ್ಲಿ ಗುರುತಿಸಿದ ರೋಗವನ್ನು ಇಂದಿಗೂ ಕ್ಷಯವೆಂದು ತಪ್ಪು ತಿಳಿಯುವುದು ನನಗೆ ಬಹಳ ನೋವು ಕೊಟ್ಟಿದೆ. ಇದಕ್ಕೆ ಲಸಿಕೆ ಇಲ್ಲದ ಕಾರಣ ಕಾಲನ್ನು ಕೆಸರಿನಿಂದ ಕಾಪಾಡುವುದೇ ಉಳಿದ ದಾರಿ.

ಬೂಟಿನ ಅಡಿಭಾಗದ ಹಿಡಿತ ಚೆನ್ನಾಗಿದೆ. ಪಾಚಿಗಟ್ಟಿದ ಗದ್ದೆಯಂಚಿನಲ್ಲೂ ಅಪ್ಪ ಜಾರಲಿಲ್ಲ. ಆದರೆ ನೆಟ್ಟಿಯ ದಿನ ಆಳದ ಕೆಸರಿನಲ್ಲಿ ಕಾಲೆತ್ತಿದರೆ ಕಾಲಷ್ಟೇ ಮೇಲೆ ಬಂದು ಬೂಟು ಅಲ್ಲೇ ಹೂತುಕೊಳ್ಳುತ್ತಿತ್ತು. ಸಡಿಲವಿರಲೆಂದು ಒಂದು ಅಳತೆ ದೊಡ್ಡದು ತಂದದ್ದು ನಮ್ಮದೇ ತಪ್ಪು; ದಪ್ಪ ಕಾಲುಚೀಲ ಹಾಕಿದ ಮೇಲೆ ಸ್ವಲ್ಪ ಸರಿಹೋಯಿತು. ಇದಕ್ಕಿಂತ ದೊಡ್ಡ ದೋಷ ಒಳಗಿನ ಬಟ್ಟೆಯ ಅಸ್ತರಿನದು. ಆಷಾಢದ ಮಳೆಯಲ್ಲಿ ಅದು ಎರಡು ದಿನವಾದರೂ ಆರುವುದಿಲ್ಲ. ಒದ್ದೆ ಬೂಟಿನೊಳಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಇದ್ದ ಅಂಗಾಲು ಬೆಳ್ಳಗೆ ನೆನೆದು ಸುಕ್ಕುಗಟ್ಟುತ್ತದೆ, ಸಕ್ಕರೆ ಕಾಯಿಲೆಯವರಿಗೆ ಅಂಥ ಚರ್ಮ ಒಳ್ಳೆಯದಲ್ಲ. ಆಯಿ ಪ್ರತಿ ಸಂಜೆ ಬೂಟನ್ನು ಒಲೆಯ ಹತ್ತಿರ ಮಗುಚಿ ಇಟ್ಟು, ಅಪ್ಪನ ಕಾಲನ್ನು ಸಾಬೂನಿನಿಂದ ತೊಳೆದು, ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ನೋಡುತ್ತಿದ್ದರು.

ನಾಲ್ಕನೆಯ ತಿಂಗಳಲ್ಲಿ ಹರಡಿನ ಮಡಿಕೆಯ ಬಳಿ ಬಿರುಕು ಬಿಟ್ಟು ನೀರು ಒಳಬರತೊಡಗಿತು. ಬದಲಾಯಿಸಿ ಕೊಡಲು ಅಂಗಡಿಯವರು ಒಪ್ಪಲಿಲ್ಲ. ಹಾಗಿದ್ದರೂ ಸಕ್ಕರೆ ಕಾಯಿಲೆಯಿದ್ದು ಗದ್ದೆ ಕೆಲಸ ಮಾಡುವವರು ಇಂಥದೊಂದು ಜೋಡಿಯನ್ನು ಕೊಳ್ಳಲೇಬೇಕೆಂದು ನನ್ನ ಅಭಿಪ್ರಾಯ, ಕಾಲಿನಲ್ಲಿ ಗಾಯವಿದ್ದ ದಿನ ಮಾತ್ರ ಬೂಟನ್ನು ನಂಬಿ ಕೆಸರಿಗೆ ಇಳಿಯಬಾರದು. ಈ ವರ್ಷ ಅಪ್ಪನ ಅಳತೆಗೆ ಸರಿಯಾಗಿ, ಅಸ್ತರಿಲ್ಲದ ಎರಡು ಜೋಡಿ ತಂದಿದ್ದೇವೆ. ಒಂದು ಆರುವಾಗ ಇನ್ನೊಂದು ಕಾಲಿಗೆ.