ಟಿಪ್ಪುವಿನ ಬೇಸಿಗೆ ಅರಮನೆ: ಬೆಂಗಳೂರಿನದೋ, ಶ್ರೀರಂಗಪಟ್ಟಣದ್ದೋ?

ತೋಟ ನೋಡಬೇಕು ಅಂತಿದ್ದರೆ ಯೋಚನೆಯೇ ಬೇಡ, ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೇ ಹೋಗಿ. ಗೇಟು ದಾಟಿದರೆ ನೇರ ದಾರಿ, ಎರಡೂ ಕಡೆ ಸಾಲು ಮರ, ಹುಲ್ಲುಹಾಸು, ಪಕ್ಕದಲ್ಲೇ ಕಾವೇರಿ. ಬೆಂಗಳೂರಿನ ಅರಮನೆಗೆ ಉಳಿದಿರುವುದು ಮುಂದಿನ ಒಂದಿಷ್ಟು ಹುಲ್ಲು ಮಾತ್ರ. ಕಾಂಪೌಂಡಿನ ಆಚೆ ಕೆ.ಆರ್. ಮಾರ್ಕೆಟ್ಟಿನ ಗದ್ದಲ.

ದರಿಯಾ ದೌಲತ್ ಕಟ್ಟಿದ್ದು 1784ರಲ್ಲಿ. ಹೊರಗಿನಿಂದ ನೋಡಿದರೆ ಹಸಿರು ಪರದೆಗಳೇ ಕಾಣುತ್ತವೆ. ಬಿಸಿಲಿಗೆ ಚಿತ್ರಗಳ ಬಣ್ಣ ಹೋಗದಿರಲಿ ಅಂತ ಇಳಿಬಿಟ್ಟಿದ್ದಾರೆ. ಒಳಗೆ ಮಬ್ಬು. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಂತಿರಿ. ಆಮೇಲೆ ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಸೇರಿ ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಮದ್ದಿನ ಗಾಡಿ ಸಿಡಿದಿದೆ. ಗಾಯಗೊಂಡ ಬ್ರಿಟಿಷ್ ಸೇನಾನಿ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಅಷ್ಟು ಗಲಾಟೆಯಲ್ಲೂ ಟಿಪ್ಪು ಆರಾಮಾಗಿ ಗುಲಾಬಿ ಮೂಸುತ್ತಿದ್ದಾನೆ! ಈಗ ಕಾಣುವುದೆಲ್ಲ ಅವನ ಕಾಲದ ಬಣ್ಣವಲ್ಲ. 1799ರಲ್ಲಿ ಟಿಪ್ಪು ಸತ್ತ ನಂತರ ಇಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ದುರಸ್ತಿ ಮಾಡಿಸಿದ, ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ತಾವು ಸೋತ ಯುದ್ಧವನ್ನು ಬ್ರಿಟಿಷರೇ ಉಳಿಸಿಕೊಂಡಿದ್ದು ತಮಾಷೆ ಅಲ್ವಾ? ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ನನಗೇನೋ ಅದೇ ಒಳ್ಳೆಯದಾಯಿತು, ಜನ ಗೋಡೆಯನ್ನು ನಿಜಕ್ಕೂ ನೋಡುತ್ತಾರೆ.

ಹಾಗಂತ ಬೆಂಗಳೂರಿನದನ್ನು ತಳ್ಳಿಹಾಕಬೇಡಿ. ಹೈದರ್ 1781ರಲ್ಲಿ ಶುರು ಮಾಡಿದ್ದು, ಟಿಪ್ಪು 1791ರಲ್ಲಿ ಮುಗಿಸಿದ. ದರಿಯಾ ದೌಲತ್ ಹಾಗೆ ಇದೂ ತೇಗದ ಮರದ್ದೇ. ಗೋಡೆ ತುಂಬ ಚಿತ್ರ ಇಲ್ಲದಿರುವುದರಿಂದ ಇಲ್ಲಿ ಕಣ್ಣು ಮರದ ಮೇಲೇ ನಿಲ್ಲುತ್ತದೆ. ಕಲ್ಲಿನ ಪೀಠದ ಮೇಲೆ ನಿಂತ ಕಂಬಗಳು, ಅವುಗಳ ಮಧ್ಯೆ ಬಳುಕುವ ಕಮಾನು, ಮೇಲೆ ಟಿಪ್ಪು ದರ್ಬಾರು ನಡೆಸುತ್ತಿದ್ದ ಬಾಲ್ಕನಿ. ಕಟ್ಟಡದ ಕೆಲಸ ಹೇಗಿತ್ತು ಅಂತ ತಿಳಿಯೋಕೆ ನನ್ನ ಪ್ರಕಾರ ಇದೇ ಜಾಸ್ತಿ ಚೆನ್ನ. ಕೆಳಗಿನ ಮ್ಯೂಸಿಯಂ ಚಿಕ್ಕದು. ಅಲ್ಲಿರುವ ‘ಟಿಪ್ಪುವಿನ ಹುಲಿ’, ಅಂದರೆ ಯುರೋಪಿಯನ್ ಸೈನಿಕನ ಮೇಲೆ ಎರಗಿದ ಮರದ ಹುಲಿ, ನಕಲು, ಅಸಲಿ ಲಂಡನ್ನಿನಲ್ಲಿದೆ.

ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಅರ್ಧ ದಿನ ಬೇಕಿಲ್ಲ. ಶ್ರೀರಂಗಪಟ್ಟಣಕ್ಕೆ ಮಾತ್ರ ಇಡೀ ದಿನ ಇಟ್ಟುಕೊಳ್ಳಿ. ಹೈದರ್, ಟಿಪ್ಪು ಇಬ್ಬರ ಸಮಾಧಿ ಇರುವ ಗುಂಬಜ್ ಹತ್ತಿರವೇ ಇದೆ, ಆಟೋದವರು ಎರಡನ್ನೂ ಸೇರಿಸಿಯೇ ರೇಟು ಹೇಳುತ್ತಾರೆ. ಮನೆಗೆ ನೆಂಟರು ಬಂದು ಒಂದನ್ನೇ ತೋರಿಸಿ ಅಂದರೆ, ನಾನು ಅವರನ್ನು ಹತ್ತಿಸುವುದು ಮೈಸೂರು ರೈಲು.