ಕೊನೆಯ ಹದಿನಾರು ಪುಟಗಳಿಲ್ಲದ ಕಾದಂಬರಿ: ಹೊಸ ಪುಸ್ತಕ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಇತ್ತೀಚೆಗೆ ಬಿಡುಗಡೆಯಾದ ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ನಾನು ತಪ್ಪು ಅಭಿಪ್ರಾಯ ಬರೆದೆ. ಅದನ್ನು ಶಿವಮೊಗ್ಗದ ನಮ್ಮ ಓದುಗರ ಬಳಗದ ತಿಂಗಳ ಸಭೆಯಲ್ಲಿ ಓದಿದೆ, ಬಳಗದ ವಾಟ್ಸಾಪ್ ಗುಂಪಿಗೂ ಹಾಕಿದೆ, ಅಲ್ಲಿಂದ ಅದು ಇನ್ನೂ ಹಲವು ಗುಂಪುಗಳಿಗೆ ಹೋಯಿತು. ಆ ಅಭಿಪ್ರಾಯ ತಪ್ಪಾಗಿದ್ದಕ್ಕೆ ಕಾರಣ ನನ್ನ ಕೈಗೆ ಬಂದಿದ್ದ ಪ್ರತಿ. ಯಾರೋ ಕದ್ದು ಮುದ್ರಿಸಿ, ಕೊನೆಯ ಹದಿನಾರು ಪುಟಗಳನ್ನು ಸೇರಿಸದೆಯೇ ಹೊಲಸಾಗಿ ಅಂಟಿಸಿ ಮಾರಿದ ಪ್ರತಿಯನ್ನು ನಾನು ಇಡೀ ಕಾದಂಬರಿಯೆಂದು ನಂಬಿ ಓದಿದ್ದೆ. ಹೊಸ ಕಾದಂಬರಿಗಳನ್ನು ಬಿಡುಗಡೆಯಾದ ಕೂಡಲೇ ತರಿಸಿಕೊಂಡು ಓದುವವರೂ, ಓದಿದ್ದನ್ನು ನಾಲ್ಕು ಜನರಿಗೆ ಹೇಳುವವರೂ ಇದನ್ನು ದಯವಿಟ್ಟು ಪೂರ್ತಿ ಓದಬೇಕು.

ಬಳಗದಲ್ಲಿ ಪ್ರತಿ ತಿಂಗಳೂ ಎರಡು ಹೊಸ ಕಾದಂಬರಿಗಳನ್ನು ಚರ್ಚೆಗೆ ತೆಗೆದುಕೊಳ್ಳುತ್ತೇವೆ. ಆ ತಿಂಗಳು ಒಂದು ಪತ್ತೇದಾರಿ, ಇನ್ನೊಂದು ಸಾಮಾಜಿಕ ಕಾದಂಬರಿ ಎಂದು ನಿಶ್ಚಯವಾಗಿತ್ತು. ಎಂದಿನಂತೆ ಊರಿನ ಪುಸ್ತಕದಂಗಡಿಗೆ ಹೋಗಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಅಂಗಡಿಯಲ್ಲಿ ಪ್ರತಿಗಳು ಮುಗಿದಿದ್ದವು, ಸಭೆಗೆ ಹತ್ತೇ ದಿನ ಉಳಿದಿತ್ತು. ಆನ್‌ಲೈನಿನಲ್ಲಿ ಹುಡುಕಿದಾಗ ಒಬ್ಬ ಮಾರಾಟಗಾರರ ಬಳಿ ಎರಡೂ ಪುಸ್ತಕಗಳು ಶೇ 45 ರಿಯಾಯಿತಿಯಲ್ಲಿ ಸಿಕ್ಕವು: 320 ರೂಪಾಯಿಯ ಪತ್ತೇದಾರಿ ಕಾದಂಬರಿ 176ಕ್ಕೆ, 400 ರೂಪಾಯಿಯ ಸಾಮಾಜಿಕ ಕಾದಂಬರಿ 220ಕ್ಕೆ. ಬಿಡುಗಡೆಯಾಗಿ ಎರಡು ತಿಂಗಳೂ ಆಗದ ಪುಸ್ತಕವನ್ನು ಯಾರಾದರೂ ಅರ್ಧ ಬೆಲೆಗೆ ಹೇಗೆ ಕೊಡಲು ಸಾಧ್ಯ ಎಂಬ ಪ್ರಶ್ನೆ ಆಗಲೇ ನನ್ನಲ್ಲಿ ಏಳಬೇಕಿತ್ತು.

ಪತ್ತೇದಾರಿ ಕಾದಂಬರಿಯನ್ನು ಎರಡು ರಾತ್ರಿಯಲ್ಲಿ ಓದಿದೆ. ಮಲೆನಾಡಿನ ಒಂದು ಹಳ್ಳಿ, ಬಾವಿಯಲ್ಲಿ ಸಿಕ್ಕ ನಿವೃತ್ತ ಸರ್ವೆಯರರ ಶವ, ಹಳೆಯ ಪೋಡಿ ದುರಸ್ತಿಯ (ಜಮೀನಿನ ಹಿಸ್ಸೆಗಳನ್ನು ಬೇರ್ಪಡಿಸಿ ದಾಖಲೆ ಸರಿಪಡಿಸುವ) ಕಡತದಲ್ಲಿ ಕಾಣೆಯಾದ ಒಂದು ನಕ್ಷೆ. ಭೂದಾಖಲೆಗಳ ಒಳಹೊರಗು ಬಲ್ಲವರು ಮಾತ್ರ ಬರೆಯಬಲ್ಲ ವಸ್ತು ಅದು. ನನ್ನ ಪ್ರತಿಯ ಕೊನೆಯ ಪುಟ 232. ತನಿಖೆಗೆ ಬಂದ ಸಬ್ ಇನ್‌ಸ್ಪೆಕ್ಟರ್ ಸತ್ತವರ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿದು, ಲೋಟವನ್ನು ಸತ್ತವರ ತಂಗಿಯ ಕೈಗೆ ಕೊಡುತ್ತಾನೆ. ಅವಳು ಅದನ್ನು ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಹೊರಗೆ ಮಳೆ ನಿಂತಿರುತ್ತದೆ. ಪುಟದ ಕೊನೆಯ ಸಾಲಿಗೆ ಪೂರ್ಣವಿರಾಮವೂ ಇತ್ತು, ಅದರ ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗವೂ ಇತ್ತು. ಅಲ್ಲಿಗೆ ಒಂದು ಅಧ್ಯಾಯ ಮುಗಿದಿದೆಯೆಂದು ಈಗ ಗೊತ್ತು. ಆಗ ನಾನು ಕಾದಂಬರಿಯೇ ಮುಗಿಯಿತೆಂದು ತಿಳಿದೆ. ಕೊಲೆ ಮಾಡಿದವರು ಯಾರೆಂದು ಹೇಳದೆ ನಿಲ್ಲಿಸುವುದು ಈಚಿನ ಬರವಣಿಗೆಯಲ್ಲಿ ಹೊಸದಲ್ಲವಾದ್ದರಿಂದ ನನಗೆ ಅನುಮಾನ ಬರಲಿಲ್ಲ. “ಓದುಗನನ್ನು 230 ಪುಟ ನಡೆಸಿಕೊಂಡು ಬಂದು ಬಾಗಿಲಲ್ಲಿ ಬಿಟ್ಟು ಹೋಗುವುದು ಕಲೆಯಲ್ಲ, ಹೊಣೆಗೇಡಿತನ” ಎಂದು ಬರೆದೆ. ಈ ಮಾತನ್ನು ಒಬ್ಬ ಲೇಖಕರ ಮೊದಲ ಕಾದಂಬರಿಯ ಬಗ್ಗೆ ಬರೆದೆನೆಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

ಸಭೆಯಾದ ಮೂರನೆಯ ದಿನ ಸಾಗರದಿಂದ ಬಳಗದ ಹಿರಿಯ ಸದಸ್ಯೆಯೊಬ್ಬರು ಫೋನ್ ಮಾಡಿದರು. ನಿವೃತ್ತ ಶಿಕ್ಷಕಿಯವರು, ಅಂದಿನ ಸಭೆಗೆ ಬರಲು ಅವರಿಗೆ ಆಗಿರಲಿಲ್ಲ. “ನೀವು ಕೊನೆಯ ಅಧ್ಯಾಯ ಓದಿದ್ದೀರಾ ಸರ್?” ಎಂದು ಕೇಳಿದರು. ಓದಿದ್ದೇನೆ ಮೇಡಂ ಎಂದೆ. “ಹಾಗಾದರೆ ತಂಗಿ ಹೇಳುವ ಮಾತು ನಿಮಗೆ ಸಾಲದಾಯಿತೇ?” ಎಂದರು. ನನ್ನ ಪ್ರತಿಯಲ್ಲಿ ತಂಗಿ ಏನನ್ನೂ ಹೇಳುವುದಿಲ್ಲ. ಅವರ ಪ್ರತಿಯ ಕೊನೆಯ ಪುಟದ ಸಂಖ್ಯೆ ಕೇಳಿದೆ. 248 ಎಂದರು.

ಮುದ್ರಣ ವಿವರದ ಪುಟವನ್ನು ನಾನು ಮೊದಲ ಬಾರಿಗೆ ಗಮನವಿಟ್ಟು ನೋಡಿದ್ದು ಆಗ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಈ ವಿವರವನ್ನು ಕನ್ನಡ ಪ್ರಕಾಶಕರು ಬಹಳ ಶ್ರದ್ಧೆಯಿಂದ ಕೊಡುತ್ತಾರೆ: ಮೊದಲ ಮುದ್ರಣದ ವರ್ಷ, ಹಕ್ಕು ಯಾರದು, ಪುಟಗಳು, ಪ್ರತಿಗಳು, ಬಳಸಿದ ಕಾಗದ, ಬೆಲೆ. ಅಲ್ಲಿ “ಪುಟಗಳು: 8 + 248” ಎಂದು ಸ್ಪಷ್ಟವಾಗಿ ಇತ್ತು; ಮೊದಲಿನ 8 ಎಂದರೆ ಕಥೆಗೆ ಮುಂಚೆ ಬರುವ, ಬೇರೆಯಾಗಿ ಎಣಿಸುವ ಪುಟಗಳು. ಕದ್ದು ಮುದ್ರಿಸಿದವರು ಆ ಪುಟವನ್ನೂ ಹಾಗೆಯೇ ಸ್ಕ್ಯಾನ್ ಮಾಡಿದ್ದರಿಂದ ಅವರ ಕಳ್ಳತನದ ಸಾಕ್ಷಿ ಅವರದೇ ಪ್ರತಿಯಲ್ಲಿ ಉಳಿದಿತ್ತು. ಆಫ್‌ಸೆಟ್ ಮುದ್ರಣದಲ್ಲಿ ಪುಟಗಳನ್ನು ಒಂದೊಂದಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಸಾಮಾನ್ಯವಾಗಿ 16 ಪುಟಗಳನ್ನು ಮುದ್ರಿಸಿ, ಮಡಿಚಿ, ಒಂದು ಫಾರಂ ಮಾಡುತ್ತಾರೆ. 8 ಮತ್ತು 248 ಸೇರಿದರೆ 256, ಅಂದರೆ ಸರಿಯಾಗಿ 16 ಫಾರಂ. ನನ್ನ ಪ್ರತಿಯಲ್ಲಿದ್ದದ್ದು 240 ಪುಟ, 15 ಫಾರಂ. ಹೊಲಿಗೆ ಹಾಕಿದ ಪುಸ್ತಕದಲ್ಲಿ ಒಂದು ಫಾರಂ ಬಿಟ್ಟುಹೋದರೆ ಬೆನ್ನಿನಲ್ಲಿ ಎಣಿಸಿ ನೋಡಬಹುದು. ಈಗ ಹೆಚ್ಚಿನ ಕಾದಂಬರಿಗಳಿಗೆ ಮಾಡುವ ಅಂಟಿನ ಬೈಂಡಿಂಗ್‌ನಲ್ಲಿ ಮಡಿಕೆಗಳ ಬೆನ್ನನ್ನೇ ಕತ್ತರಿಸಿ ಅಂಟು ಹಾಕುವುದರಿಂದ ಕೊನೆಯ ಫಾರಂ ಇಲ್ಲದಿದ್ದರೂ ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಪತ್ತೇದಾರಿ ಕಾದಂಬರಿಯಲ್ಲಾದರೆ ಇಡೀ ಪುಸ್ತಕದ ಜೀವ ಇರುವುದೇ ಆ ಫಾರಂನಲ್ಲಿ.

ಸಾಗರದ ಮೇಡಂ ತಮ್ಮ ಪ್ರತಿಯನ್ನು ಬಸ್ಸಿನಲ್ಲಿ ಕಳುಹಿಸಿಕೊಟ್ಟರು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿದಾಗ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಾನಿ ಕಣ್ಣಿಗೆ ಬಿತ್ತು. ಸತ್ತವರ ಅಣ್ಣನ ಮಗ ಊರಿಗೆ ಬಂದಿಳಿದ ಹೊತ್ತನ್ನು ಬಸ್ ಟಿಕೆಟ್ಟಿನಿಂದ ಪತ್ತೆ ಮಾಡುವ ಒಂದು ಪ್ರಸಂಗವಿದೆ. (ಇದನ್ನು ಹೇಳಿದರೆ ಕಥೆಯ ಗುಟ್ಟೇನೂ ಬಯಲಾಗುವುದಿಲ್ಲ.) ನನ್ನ ಪ್ರತಿಯಲ್ಲಿ ಅದು 8.20 ಎಂದಿತ್ತು, ರಾತ್ರಿ 8.20 ಎಂದು ತಿಳಿದೆ. ಮುಂದಿನ ಐವತ್ತು ಪುಟಗಳಲ್ಲಿ ಎಲ್ಲರೂ ಅವನು ರಾತ್ರಿ ಊರಲ್ಲಿ ಇರಲೇ ಇಲ್ಲವೆಂಬಂತೆ ಮಾತನಾಡುತ್ತಾರೆ. “ಲೇಖಕರು ತಾವೇ ಕೊಟ್ಟ ವೇಳೆಯ ಲೆಕ್ಕವನ್ನು ಮರೆತಿದ್ದಾರೆ” ಎಂದು ನಾನು ಸಭೆಯಲ್ಲಿ ಎತ್ತಿ ಆಡಿದ ದೋಷ ಇದೇ. ಅಸಲಿ ಪ್ರತಿಯಲ್ಲಿ ಅದು 3.20, ಅಂದರೆ ಬೆಳಗಿನ ಜಾವ. ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸುವಾಗ ಮಸಿ ತುಂಬಿಕೊಂಡು 3 ಎಂಬುದು 8 ಆಗಿತ್ತು. ಕನ್ನಡ ಅಕ್ಷರಗಳಿಗೆ ಇಂಥ ಮರುಮುದ್ರಣದಲ್ಲಿ ಇನ್ನೂ ಹೆಚ್ಚು ಪೆಟ್ಟು ಬೀಳುತ್ತದೆ: ಒತ್ತಕ್ಷರಗಳ ಸುರುಳಿ ಮುಚ್ಚಿಹೋಗುತ್ತದೆ, ‘ಥ’ದ ಒಳಗಿನ ಚುಕ್ಕಿ ಕಾಣೆಯಾಗುತ್ತದೆ, ‘ಧ’ ಹೋಗಿ ‘ದ’ ಉಳಿಯುತ್ತದೆ. ಅಕ್ಷರದೋಷ ಹೇರಳವಾಗಿದೆ, ಕರಡು ತಿದ್ದಿದವರು ಯಾರೋ ಎಂದು ಕೂಡ ನಾನು ಬರೆದಿದ್ದೆ. ಆ ಕರಡನ್ನು ಯಾರೋ ಕಣ್ಣು ನೋಯಿಸಿಕೊಂಡು ಚೆನ್ನಾಗಿಯೇ ತಿದ್ದಿದ್ದರು.

ಸಾಮಾಜಿಕ ಕಾದಂಬರಿಯ ಕಥೆಯೂ ಹೀಗೆಯೇ. ಅದರಲ್ಲಿ 97ರಿಂದ 112ರವರೆಗಿನ ಪುಟಗಳು ಎರಡು ಸಲ ಇದ್ದವು, 113ರಿಂದ 128 ಇರಲಿಲ್ಲ. ಎರಡನೆಯ ಸಲ ಬಂದದ್ದನ್ನು ಹಾರಿಸಿ ಮುಂದಕ್ಕೆ ಓದಿದೆ; ಅಡಿಕೆ ತೋಟವನ್ನು ಮಾರುವ ತಾಯಿಯ ನಿರ್ಧಾರ ತೀರ ಹಠಾತ್ತಾಗಿ ಬಂತು ಎನಿಸಿತು. ಆ ನಿರ್ಧಾರ ಮಾಗುವ ಪುಟಗಳೇ ನನ್ನ ಬಳಿ ಇರಲಿಲ್ಲ.

ಮೊದಲಿಗೆ ಇದು ಬೈಂಡಿಂಗಿನವರ ಕೈತಪ್ಪು ಎಂದೇ ಭಾವಿಸಿ ಪತ್ತೇದಾರಿ ಕಾದಂಬರಿಯ ಪ್ರಕಾಶಕರಿಗೆ ಫೋನ್ ಮಾಡಿದೆ. ಅಸಲಿ ಪುಸ್ತಕದಲ್ಲೂ ಅಪರೂಪಕ್ಕೆ ಫಾರಂ ತಪ್ಪುವುದುಂಟು. ಹಾಗಾದರೆ ಪ್ರಕಾಶಕರು ಪ್ರತಿ ಬದಲಾಯಿಸಿಕೊಡುತ್ತಾರೆ. ಅವರು ಮುಖಪುಟ, ಮುದ್ರಣ ವಿವರದ ಪುಟ ಮತ್ತು ಪುಸ್ತಕದ ಬೆನ್ನಿನ ಫೋಟೊ ಕೇಳಿದರು. ಒಂದು ಗಂಟೆಯಲ್ಲಿ ಉತ್ತರ ಬಂತು: ಇದು ನಮ್ಮ ಪುಸ್ತಕವಲ್ಲ, ನೀವು ಕೊಂಡ ಮಾರಾಟಗಾರರಿಗೆ ನಾವು ಒಂದು ಪ್ರತಿಯನ್ನೂ ಕೊಟ್ಟಿಲ್ಲ. ಮುದ್ರಣ ವಿವರದಲ್ಲಿ 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್‌ಲಿಥೊ ಕಾಗದವೆಂದಿದ್ದರೂ ನನ್ನ ಕೈಯಲ್ಲಿದ್ದ ಹಾಳೆ ಅದಕ್ಕಿಂತ ತೆಳು, ಹಿಂಬದಿಯ ಸಾಲುಗಳು ಮುಂಬದಿಗೆ ಇಣುಕುತ್ತಿದ್ದವು. ಮುಖಪುಟದ ಹಸಿರು ಕಪ್ಪಿಗೆ ತಿರುಗಿತ್ತು, ಅಂಚು ಕತ್ತರಿಸುವಾಗ ಲೇಖಕರ ಹೆಸರಿನ ಮೊದಲ ಅಕ್ಷರ ಅರ್ಧ ಹೋಗುವಷ್ಟು ಹತ್ತಿರ ಬಂದಿತ್ತು.

ಐಎಸ್‌ಬಿಎನ್ (ಪ್ರತಿ ಪುಸ್ತಕಕ್ಕೂ ಕೊಡುವ ಗುರುತಿನ) ಸಂಖ್ಯೆ ಸರಿಯಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. 978ರಿಂದ ಶುರುವಾಗುವ ಆ 13 ಅಂಕಿಗಳೂ ಬಾರ್‌ಕೋಡೂ ನಕಲಿ ಪ್ರತಿಯಲ್ಲಿ ಯಥಾವತ್ತಾಗಿ ಇರುತ್ತವೆ, ಏಕೆಂದರೆ ಅವನ್ನೂ ಸ್ಕ್ಯಾನ್ ಮಾಡಿರುತ್ತಾರೆ. ಮಾರಾಟದ ಜಾಲತಾಣದಲ್ಲಿ ಕಾಣುವ ಸುಂದರ ಮುಖಪುಟದ ಚಿತ್ರವೂ ಪ್ರಕಾಶಕರದೇ, ಮನೆಗೆ ಬರುವ ವಸ್ತು ಮಾತ್ರ ಬೇರೆ. ನೋಡಬೇಕಾದದ್ದು ಮಾರಾಟಗಾರರ ಹೆಸರನ್ನು. ಒಂದೇ ಪುಸ್ತಕವನ್ನು ಹಲವರು ಮಾರುತ್ತಿರುತ್ತಾರೆ, ಅಗ್ಗದವರು ಕಣ್ಣಿಗೆ ಮೊದಲು ಬೀಳುತ್ತಾರೆ. ಅನುಮಾನವಿದ್ದರೆ ಪ್ರಕಾಶಕರಿಗೇ ಒಂದು ಫೋನ್ ಮಾಡಿ ಕೇಳಿ. ಕನ್ನಡದ ಪ್ರಕಾಶಕರಲ್ಲಿ ಹಲವರು ತಾವೇ ಫೋನ್ ಎತ್ತುತ್ತಾರೆ, ತಾವೇ ಅಂಚೆಗೂ ಹಾಕುತ್ತಾರೆ. ರಿಯಾಯಿತಿಯೆಂದರೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ನವೆಂಬರಿನ ರಾಜ್ಯೋತ್ಸವದ ತಿಂಗಳಲ್ಲಿ, ಪುಸ್ತಕ ಮೇಳಗಳಲ್ಲಿ ಪ್ರಕಾಶಕರೇ ಒಳ್ಳೆಯ ರಿಯಾಯಿತಿ ಕೊಡುತ್ತಾರೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಯಾರೋ ಓದಿ ಮಾರಿದ ಹಳೆಯ ಪ್ರತಿಯನ್ನು ಕಡಿಮೆ ಬೆಲೆಗೆ ಕೊಳ್ಳುವುದರಲ್ಲೂ ತಪ್ಪಿಲ್ಲ. ಹಳೆಯ ಪುಸ್ತಕ ಬೇರೆ, ಕಳ್ಳ ಪುಸ್ತಕ ಬೇರೆ.

ಪುಸ್ತಕ ಬಂದ ದಿನವೇ ಐದು ನಿಮಿಷ ಅದಕ್ಕೆ ಕೊಡಿ. ಮುದ್ರಣ ವಿವರದಲ್ಲಿ ಹೇಳಿದ ಪುಟಸಂಖ್ಯೆಗೂ ಕೊನೆಯ ಪುಟದ ಸಂಖ್ಯೆಗೂ ತಾಳೆ ನೋಡಿ, ಆಮೇಲೆ ಮೊದಲ ಹಾಳೆಯಿಂದ ಎಣಿಸಿ 16, 32, 48 ಎಂದು ಫಾರಂ ಮುಗಿಯುವ ಜಾಗಗಳ ಆಸುಪಾಸಿನಲ್ಲಿ ಪುಟಗಳು ಕ್ರಮವಾಗಿ ಇವೆಯೇ ಎಂದು ತಿರುವಿ ಹಾಕಿ. ಈಚೆಗೆ ಕೆಲವು ಪ್ರಕಾಶಕರು ಬೇಡಿಕೆಗೆ ತಕ್ಕಷ್ಟೇ ಡಿಜಿಟಲ್ ಮುದ್ರಣ ಮಾಡಿಸುವುದರಿಂದ ಪುಟಗಳು 16ರ ಲೆಕ್ಕಕ್ಕೆ ಕೂಡದಿರಬಹುದು, ಅದೊಂದರಿಂದಲೇ ಪ್ರತಿ ನಕಲಿಯೆಂದು ತೀರ್ಮಾನಿಸಬಾರದು. ಕೊನೆಯ ಪುಟದ ಸಂಖ್ಯೆ ನೋಡುವಾಗ ಅಲ್ಲಿನ ಸಾಲುಗಳ ಮೇಲೆ ಕೈ ಇಟ್ಟುಕೊಳ್ಳಿ, ಪತ್ತೇದಾರಿ ಕಾದಂಬರಿಯ ಕೊನೆಯ ಸಾಲು ಕಣ್ಣಿಗೆ ಬಿದ್ದರೆ ಓದಿನ ಸುಖ ಕೆಡುತ್ತದೆ.

ನಾನು ಅಂದೇ ನೋಡದಿದ್ದುದರಿಂದ ಹಿಂದಿರುಗಿಸುವ ಏಳು ದಿನದ ಅವಧಿ ಮುಗಿದಿತ್ತು, ಮಾರಾಟಗಾರರು ಅದನ್ನೇ ಹೇಳಿ ಕೈ ತೊಳೆದುಕೊಂಡರು. ಇಂಥ ಉತ್ತರಕ್ಕೆ ಸುಮ್ಮನಾಗಬೇಡಿ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೋಷವಿರುವ ಅಥವಾ ನಕಲಿಯಾದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಜಾಲತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ನಾನು ಫೋಟೊಗಳನ್ನೂ ಪ್ರಕಾಶಕರ ಉತ್ತರವನ್ನೂ ಸೇರಿಸಿ ದೂರು ಕೊಟ್ಟೆ, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ ದಾಖಲಿಸಿದೆ. 396 ರೂಪಾಯಿ ವಾಪಸು ಬಂತು. ಪೊಲೀಸರಿಗೆ ದೂರು ಕೊಡಲೆಂದು ಪ್ರಕಾಶಕರು ಆ ಪ್ರತಿಯನ್ನು ಕೇಳಿದ್ದರಿಂದ ಅದನ್ನು ಅವರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆ ವಾಸವೂ 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡವೂ ಇದೆ.

ನನ್ನ ಹಣ ಬಂತು, ಲೇಖಕರದು ಬರಲಿಲ್ಲ. ನಮ್ಮಲ್ಲಿ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10. 320 ರೂಪಾಯಿಯ ಪುಸ್ತಕಕ್ಕೆ 32 ರೂಪಾಯಿ. ಒಂದು ಮುದ್ರಣಕ್ಕೆ ಐನೂರೋ ಸಾವಿರವೋ ಪ್ರತಿ ಹಾಕುವ ಭಾಷೆಯಲ್ಲಿ ನಕಲಿ ಪ್ರತಿಗಳು ನೂರು ಮಾರಿಹೋದರೂ ಎರಡನೆಯ ಮುದ್ರಣ ಹಿಂದೆ ಬೀಳುತ್ತದೆ. ಹಣದ ಈ ಮಾತನ್ನು ಇತರರೂ ಹೇಳಿದ್ದಾರೆ. ನನ್ನನ್ನು ಹೆಚ್ಚು ಕಾಡುವುದು ಹೆಸರಿಗೆ ಆದ ನಷ್ಟ. ಮೊದಲ ಕಾದಂಬರಿ ಬರೆದವರ ಬಗ್ಗೆ “ಮುಗಿಸಲು ಬರುವುದಿಲ್ಲ, ಲೆಕ್ಕ ತಪ್ಪುತ್ತಾರೆ” ಎಂಬ ಮಾತು ಒಮ್ಮೆ ಹಬ್ಬಿದರೆ ಅದನ್ನು ಹಿಂದಕ್ಕೆ ಕರೆಯುವುದು ಕಷ್ಟ.

ಈಗ ಅಸಲಿ ಪ್ರತಿ ಕೊಂಡು, ಮೊದಲಿನಿಂದ ಓದಿ, ಹೊಸದಾಗಿ ಅಭಿಪ್ರಾಯ ಬರೆದಿದ್ದೇನೆ. ಅಪರಾಧಿ ಯಾರೆಂಬುದನ್ನು ಈ ಲೇಖಕರು ತನಿಖಾಧಿಕಾರಿಯ ಉದ್ದ ಭಾಷಣದಿಂದ ಹೇಳಿಸುವುದಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದ ತಂಗಿ ಮತ್ತೆ ಹೊರಗೆ ಬಂದು ಆಡುವ ನಾಲ್ಕೈದು ಮಾತಿನಲ್ಲಿ, ಅಷ್ಟು ಹೊತ್ತೂ ನಮ್ಮ ಕಣ್ಣೆದುರಿಗೇ ಇದ್ದ ನಕ್ಷೆಯ ಸಂಗತಿ ತೆರೆದುಕೊಳ್ಳುತ್ತದೆ. ನಡುವೆ ಕಚೇರಿಯ ವಿವರಗಳು ಸ್ವಲ್ಪ ಭಾರವಾಗಿವೆ ಎಂಬ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ. ಆದರೆ ವೇಳೆಯ ಲೆಕ್ಕ ನಿಮಿಷಕ್ಕೆ ನಿಮಿಷ ಕೂಡುತ್ತದೆ, ಮುಕ್ತಾಯ ಅತ್ಯಂತ ಸಂಯಮದ್ದು. ಬಳಗದ ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿದೆ, ಲೇಖಕರಿಗೂ ಪತ್ರ ಬರೆದು ಕ್ಷಮೆ ಕೇಳಿದೆ.

ನನ್ನ ಮೊದಲ ಅಭಿಪ್ರಾಯ ಈಗಲೂ ಕೆಲವು ಗುಂಪುಗಳಲ್ಲಿ ಓಡಾಡುತ್ತಿದೆ. “ಓದುಗನನ್ನು 230 ಪುಟ ನಡೆಸಿಕೊಂಡು ಬಂದು” ಎಂಬ ಸಾಲಿರುವ ಬರಹ ನಿಮಗೆ ಬಂದಿದ್ದರೆ ದಯವಿಟ್ಟು ಅದನ್ನು ಅಳಿಸಿ, ಕಳುಹಿಸಿದವರಿಗೂ ತಿಳಿಸಿ. ಅದನ್ನು ಬರೆದಾಗ ನಾನು 233ರಿಂದ 248ರವರೆಗಿನ ಪುಟಗಳನ್ನು ಓದಿರಲಿಲ್ಲ.