ಹಳೇ ಮ್ಯಾಸಿ 1035: ಗದ್ದೆಯಲ್ಲಿ ದುಡಿದದ್ದೋ, ಹೊಲದಲ್ಲಿ ದುಡಿದದ್ದೋ?

ಶಿವಮೊಗ್ಗದ ಸುತ್ತ ಹಳೇ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಹುಡುಕಿದರೆ ಎರಡು ಬಗೆಯವು ಸಿಗುತ್ತವೆ. ತೀರ್ಥಹಳ್ಳಿ, ಹೊಸನಗರದ ಗದ್ದೆ ಕೆಸರಲ್ಲಿ ದುಡಿದವು ಒಂದು, ಶಿಕಾರಿಪುರದ ಆಚೆ ಮೆಕ್ಕೆಜೋಳದ ಹೊಲದಲ್ಲಿ ದುಡಿದವು ಇನ್ನೊಂದು. ಎರಡನ್ನೂ ಓಡಿಸಿ, ಬಿಚ್ಚಿ ನೋಡಿದ ಮೇಲೆ ನನ್ನ ಓಟು ಹೊಲದ ಗಾಡಿಗೆ. ಬಣ್ಣ ಮಾಸಿದ್ದರೂ, ಹೊಗೆ ತುಸು ಜಾಸ್ತಿ ಇದ್ದರೂ ಸರಿ.

ಕಾರಣ ನೀರು. ಈ ಗಾಡಿಯಲ್ಲಿ ಗೇರ್ ಬಾಕ್ಸ್, ನೇಗಿಲು-ಕಲ್ಟಿವೇಟರ್ ಎತ್ತುವ ಲಿಫ್ಟ್, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೂರಕ್ಕೂ ಒಂದೇ ಎಣ್ಣೆ, ಸುಮಾರು 30 ಲೀಟರ್. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಆಕ್ಸಲ್ ಮುಳುಗುವ ಕೆಸರಲ್ಲಿ ವರ್ಷಗಟ್ಟಲೆ ಓಡಿಸಿದರೆ ಆಕ್ಸಲ್ ಸೀಲ್ ಸವೆದು ನೀರು ಒಳಗಿಳಿಯುತ್ತದೆ. ಮಳೆಗಾಲವಿಡೀ ಅಂಗಳದಲ್ಲಿ ನೆನೆದ ಗಾಡಿಗಾದರೆ ಗೇರ್ ಲಿವರ್ ಬುಡದ ಹರಿದ ರಬ್ಬರ್ ಒಂದೇ ಸಾಕು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗ್ ಮತ್ತು ಲಿಫ್ಟ್ ಪಂಪು ತುಕ್ಕು ಹಿಡಿಯುತ್ತವೆ.

ಮಾರುವವರು ಎಣ್ಣೆ ಬದಲಿಸಿಟ್ಟಿರುತ್ತಾರೆ. ಹಾಗಾಗಿ ಎಣ್ಣೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ, ಯಾಕೆ ಬದಲಿಸಿದಿರಿ ಎಂದು ಕೇಳಿ. ರಾತ್ರಿಯಿಡೀ ನಿಂತ ಗಾಡಿಯ ಕೆಳಗೆ ಬೆಳಿಗ್ಗೆ ಲೋಟ ಹಿಡಿದು ಡ್ರೈನ್ ಬೋಲ್ಟ್ ಮೆಲ್ಲಗೆ ಸಡಿಲಿಸಿ. ನೀರು ತಳದಲ್ಲಿರುವುದರಿಂದ ಮೊದಲು ಅದೇ ತೊಟ್ಟಿಕ್ಕುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಡಿಪ್‌ಸ್ಟಿಕ್ ಪೂರ್ತಿ ಹೊರಗೆಳೆದು ಎಣ್ಣೆ ಮುಟ್ಟದ ಮೇಲ್ಭಾಗ ನೋಡಿ. ಮಾಲೀಕರು ಒಪ್ಪಿದರೆ ಪಕ್ಕದ ಮುಚ್ಚಳ ಬಿಚ್ಚಿಸಿ ಅದರ ಒಳಮೈಯನ್ನೂ ನೋಡಿ. ಹೊಸ ಎಣ್ಣೆ ಸುರಿದವರು ಅಲ್ಲಿನ ತುಕ್ಕು ಉಜ್ಜಿರುವುದಿಲ್ಲ.

ಲಿಫ್ಟ್ ಪರೀಕ್ಷೆ ತಣ್ಣಗಿದ್ದಾಗ ಮಾಡಿ ಪ್ರಯೋಜನವಿಲ್ಲ, ದಪ್ಪ ಎಣ್ಣೆ ಸೋರಿಕೆಯನ್ನು ಮುಚ್ಚುತ್ತದೆ. ಅರ್ಧ ಗಂಟೆ ಉಳುಮೆ ಮಾಡಿಸಿ, ಒಂಬತ್ತು ಹಲ್ಲಿನ ಕಲ್ಟಿವೇಟರ್ ಎತ್ತಿ, ಎಂಜಿನ್ ಓಡುತ್ತಿರಲಿ. ಕೆಲವೇ ಸೆಕೆಂಡಿಗೊಮ್ಮೆ ಇಳಿದು ಮತ್ತೆ ಜಗ್ಗಿ ಏಳುತ್ತಿದ್ದರೆ ಒಳಗೆ ಸೋರುತ್ತಿದೆ.

ಅದೇ ಆಕ್ಸಲ್ ಸೀಲಿನಿಂದ ಎಣ್ಣೆ ಹೊರಬಂದರೆ ಬ್ರೇಕ್ ಕೆಡುತ್ತದೆ. ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ ತೆಗೆದು ಎಡ, ಬಲ ಬೇರೆಬೇರೆ ಒತ್ತಿ ನೋಡಿ. ಅಡಿಕೆ ತುಂಬಿದ ಟ್ರೇಲರ್ ಹಿಂದಿಟ್ಟುಕೊಂಡು ಇಳಿಜಾರು ಇಳಿಯುವವರಿಗೆ ಒಂದೇ ಕಡೆ ಹಿಡಿಯುವ ಬ್ರೇಕ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ವಾಟರ್ ಸರ್ವಿಸ್ ಮಾಡಿಸಿದ ಗಾಡಿಯಲ್ಲಿ ಚಕ್ರದ ಒಳಬದಿಯ ಜಿಡ್ಡು ಕಾಣುವುದಿಲ್ಲ, ಕೆಲಸ ಮಾಡಿ ಬಂದ ಗಾಡಿಯನ್ನೇ ನೋಡಿ.

ಹೊಲದ ಗಾಡಿಯ ಶತ್ರು ಧೂಳು. ಏರ್ ಕ್ಲೀನರಿನಿಂದ ಎಂಜಿನ್‌ಗೆ ಹೋಗುವ ಪೈಪು ಕಳಚಿ ಒಳಗೆ ಬೆರಳಾಡಿಸಿ. ಮಣ್ಣು ಮೆತ್ತಿದರೆ ಸಿಲಿಂಡರ್ ಒಳಗಿನ ರಿಂಗು, ಲೈನರ್ ಸವೆದಿರುತ್ತವೆ. ಬಿಸಿ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಖಾತ್ರಿ. ಆದರೆ ಇದೆಲ್ಲ ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಮೂರೂ ಸಿಲಿಂಡರಿಗೆ ಅವನ್ನು ಬದಲಿಸುವ ಖರ್ಚು ಮೆಕ್ಯಾನಿಕ್ ಬಳಿ ಮೊದಲೇ ಕೇಳಿ, ಬೆಲೆಯಲ್ಲಿ ಇಳಿಸಿಕೊಳ್ಳಬಹುದು. ಗೇರ್ ಬಾಕ್ಸ್ ಒಳಗಿನ ತುಕ್ಕಿಗೆ ಹೀಗೆ ಲೆಕ್ಕ ಹಾಕಲಾಗದು.

ಟೈರು, ಸ್ಟೇರಿಂಗ್ ಸಡಿಲದ ವಿಷಯದಲ್ಲಿ ಗದ್ದೆ ಗಾಡಿ, ಹೊಲದ ಗಾಡಿ ಎರಡರದ್ದೂ ಒಂದೇ ಕತೆ.

ಗದ್ದೆ ಗಾಡಿ ಕಡಿಮೆ ಬೆಲೆಗೆ ಸಿಗಬಹುದು. ಮನೆಯಲ್ಲೇ ಪಾನಾ ಹಿಡಿಯುವವರಿದ್ದರೆ ನೋಡಿ. ವರ್ಷಕ್ಕೆ ನಲವತ್ತು ದಿನ ಓಡಿಸಿ, ಉಳಿದ ದಿನ ಶೆಡ್ಡಿನಲ್ಲಿ ನಿಲ್ಲಿಸುವ ನಮ್ಮಂಥವರಿಗೆ ಬೇಡ. ಯಾವುದನ್ನು ಕೊಂಡರೂ ಮುಂಗಡ ಕೊಡುವ ಮೊದಲು ಆರ್‌ಸಿ ನೋಡಿ: 15 ವರ್ಷ ಕಳೆದಿದ್ದರೆ ನವೀಕರಣ ಆಗಿರಬೇಕು, ಬ್ಯಾಂಕ್ ಸಾಲ ನಮೂದಾಗಿದ್ದರೆ ಸಾಲ ತೀರಿದೆ ಎಂದು ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೈಗೆ ಬಂದಿರಬೇಕು, ಟ್ರೇಲರಿಗೆ ಬೇರೆ ಆರ್‌ಸಿ ಇರಬೇಕು.